ಹಳೆ ಡೀಸೆಲ್ ಇಂಜಿನ್ನಿಗೆ ಮತ್ತೆ ಜೀವ



ಕರೆಂಟು ಇಲ್ಲದಾಗ ಬಾವಿಯ ನೀರನ್ನು ಹೊಲಕ್ಕೆ ಎತ್ತುವುದು ಡೀಸೆಲ್ ಇಂಜಿನ್. ಜರ್ಮನಿಯ ರುಡಾಲ್ಫ್ ಡೀಸೆಲ್ ಎಂಬ ಇಂಜಿನಿಯರ್ 1897ರಲ್ಲಿ ಇದನ್ನು ಯಶಸ್ವಿಯಾಗಿ ನಡೆಸಿ ತೋರಿಸಿದರು. ನಮ್ಮ ಬೆಳಗಾವಿಗೂ ಇಂಜಿನ್ನಿಗೂ ನಂಟು ಐತಿ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು. ಮುಂದೆ 1946ರಲ್ಲಿ ಅವರ ಮನೆತನದವರೇ ಪುಣೆಯಲ್ಲಿ ಡೀಸೆಲ್ ಇಂಜಿನ್ ಕಂಪನಿ ಕಟ್ಟಿದರು.

ಇಂಜಿನ್ ಹೇಗೆ ನಡೆಯುತ್ತದೆ?
ಗಾಳಿ ಎಳೆಯುವುದು, ಒತ್ತುವುದು, ಉರಿಯುವುದು, ಹೊಗೆ ಬಿಡುವುದು: ಇವು ಅದರ ನಾಲ್ಕು ಕೆಲಸ. ಸೈಕಲ್ಲಿಗೆ ಪಂಪ್ ಹೊಡೆಯುವಾಗ ಪಂಪ್ ಬಿಸಿಯಾಗುವುದನ್ನು ನೀವು ನೋಡಿರಬಹುದು. ಹಾಗೆಯೇ ಸಿಲಿಂಡರಿನಲ್ಲಿ ಪಿಸ್ಟನ್ ಗಾಳಿಯನ್ನು ಜೋರಾಗಿ ಒತ್ತಿದಾಗ ಗಾಳಿ ಬಹಳ ಕಾಯುತ್ತದೆ. ಆಗ ಚಿಮ್ಮಿದ ಡೀಸೆಲ್ ತಾನೇ ಹೊತ್ತಿಕೊಳ್ಳುತ್ತದೆ. ಕಿಡಿ ಬೇಕಾಗಿಲ್ಲ. ಆದರೆ ಗಾಳಿ ಸೋರಿದರೆ ಇಂಜಿನ್ ಚಾಲೂ ಆಗುವುದಿಲ್ಲ.

ನಮ್ಮ ಹಳೆ ಇಂಜಿನ್ನಿಗೆ ಹಿಂಗ ಆಗಿತ್ತು. ಹ್ಯಾಂಡಲ್ ಹಗುರಾಗಿ ತಿರುಗತಿತ್ತು, ನೀಲಿ ಹೊಗಿ ಬರತಿತ್ತು. ನೀಲಿ ಹೊಗೆ ಅಂದರೆ ಆಯಿಲ್ ಮೇಲೆ ಬಂದು ಉರಿಯುತ್ತಿದೆ ಎಂದರ್ಥ. ಅಜ್ಜ "ಗುಜರಿಗೆ ಹಾಕ್ರಿ" ಅಂದರು. ಹೊಸದು ತರಾಕ ರೊಕ್ಕ ಇರಲಿಲ್ಲ, ಕಬ್ಬು ಒಣಗಾಕತ್ತಿತ್ತು. ಕಾಕಾ "ಒಮ್ಮೆ ಬಿಚ್ಚಿ ನೋಡೂಣು" ಅಂತ ಅಂಗಳದಾಗ ಗೋಣಿಚೀಲ ಹಾಸಿ ಪಾನಾ ಹಿಡಿದು ಕುಂತರು.

ರಿಪೇರಿ ಮಾಡುವ ಕ್ರಮ
1. ಬಿಚ್ಚಿದ ಭಾಗಗಳನ್ನು ಸಾಲಾಗಿ ಇಡಬೇಕು. ಗೇರಿನ ಹಲ್ಲುಗಳ ಗುರುತು ಬರೆದುಕೊಳ್ಳಬೇಕು. ಒಂದು ಹಲ್ಲು ತಪ್ಪಿದರೂ ವಾಲ್ವ್ ಹೊತ್ತಿಗೆ ಸರಿಯಾಗಿ ತೆರೆಯುವುದಿಲ್ಲ.
2. ಎಲ್ಲವನ್ನೂ ಡೀಸೆಲ್ಲಿನಲ್ಲಿ ತೊಳೆಯಬೇಕು. ಒಂದು ಹರಳು ಉಸುಕು ಉಳಿದರೂ ಬೇರಿಂಗ್ ಕೆರೆದು ಹೋಗುತ್ತದೆ.
3. ಸಿಲಿಂಡರಿನ ಒಳಗಿನ ಲೈನರ್ ಸವೆದಿದ್ದರೆ ಬೆರಳಿಗೆ ಮೇಲ್ಭಾಗದಲ್ಲಿ ಗೀರು ಹತ್ತುತ್ತದೆ. ಈ ಕೆಲಸ ಮನೆಯಲ್ಲಿ ಆಗದು, ಲೇಥ್ ಇರುವ ಮಿಸ್ತ್ರಿಯೇ ಬೇಕು.
4. ವಾಲ್ವಿಗೆ ಪೇಸ್ಟ್ ಹಚ್ಚಿ ಅದರ ಜಾಗದಲ್ಲಿಟ್ಟು ತಿರುಗಿಸಿ ತಿರುಗಿಸಿ ಉಜ್ಜಬೇಕು. ಆಮೇಲೆ ಪೇಸ್ಟ್ ಪೂರ್ತಿ ಒರೆಸಿ, ಮೇಲೆ ಡೀಸೆಲ್ ಸುರಿದು ನೋಡಬೇಕು. ಹನಿ ಇಳಿಯದಿದ್ದರೆ ಸರಿ.
5. ಹೊಸ ರಿಂಗುಗಳ ಬಾಯಿ ಒಂದೇ ಸಾಲಿಗೆ ಬರಬಾರದು. ಬಂದರೆ ಅಲ್ಲಿಂದಲೇ ಗಾಳಿ ಸೋರುತ್ತದೆ.
6. ಹೆಡ್ಡಿನ ನಟ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು.

ನಮ್ಮ ಇಂಜಿನ್ನಿನಲ್ಲಿ ಕೆಟ್ಟದ್ದು ರಿಂಗ್ ಮತ್ತು ವಾಲ್ವ್ ಮಾತ್ರ. ಹೊಸ ರಿಂಗು, ಪ್ಯಾಕಿಂಗ್ ಹಾಕಿ, ಪೈಪಿನ ಗಾಳಿ ತೆಗೆದು ಹ್ಯಾಂಡಲ್ ಹೊಡೆದಾಗ ಇಂಜಿನ್ ಚಾಲೂ ಆತು. ಕಬ್ಬಿಗೆ ನೀರು ಸಿಕ್ಕಿತು.

ಹಳೆ ಕಾರು, ಜೀಪುಗಳಿಗೂ ಇದೇ ವಿದ್ಯೆ. ಅವುಗಳಿಗೆ ಸಾಮಾನ್ಯವಾಗಿ ನಾಲ್ಕು ಸಿಲಿಂಡರ್, ಇದಕ್ಕೆ ಒಂದೇ. ಸವೆಯುವುದು ಒಂದಕ್ಕೊಂದು ಉಜ್ಜಾಡುವ ಭಾಗಗಳು. ಅಷ್ಟನ್ನೇ ಬದಲಿಸಿದರೆ ಎಷ್ಟೋ ಹಳೆ ಇಂಜಿನ್ ಮತ್ತೆ ದುಡಿಯುತ್ತವೆ.

ಎಚ್ಚರಿಕೆ: ಬಾಗಿಲು ಮುಚ್ಚಿದ ಕೋಣೆಯಲ್ಲಿ ಇಂಜಿನ್ ಚಾಲೂ ಮಾಡಬಾರದು, ಹೊಗೆ ವಿಷ. ತಿರುಗುವ ಚಕ್ರದ ಹತ್ತಿರ ಸಡಿಲ ಬಟ್ಟೆ, ಜಡೆ ಬರಬಾರದು. ದೊಡ್ಡವರು ಇಲ್ಲದಾಗ ನಾವು ಹ್ಯಾಂಡಲ್ ಮುಟ್ಟಬಾರದು.

— 7ನೇ ತರಗತಿ, ಮಮದಾಪುರ