ಕತ್ತು ನೋವಿಗೆ ಮಸಾಜೋ, ಫಿಸಿಯೋನೋ?

ಇಂಟರ್ನಲ್ಸ್ ಹತ್ತಿರ ಬಂತೆಂದರೆ ನಮ್ಮ ಹಾಸ್ಟೆಲ್ ಕಾರಿಡಾರ್ ತುಂಬ ಅಮೃತಾಂಜನದ ಘಾಟು. ಒಬ್ಬನಿಗೆ ಕತ್ತು ನೋವು, ಇನ್ನೊಬ್ಬನಿಗೆ ಸೊಂಟ, ಮತ್ತೊಬ್ಬನಿಗೆ ಮೌಸ್ ಹಿಡಿದೂ ಹಿಡಿದೂ ಮಣಿಕಟ್ಟು. ವಯಸ್ಸು ಕೇಳಿದರೆ ಎಲ್ಲರಿಗೂ ಇಪ್ಪತ್ತು! ಸಲಹೆಗಂತೂ ಬರವಿಲ್ಲ. ‘ಒಂದು ಮಸಾಜ್ ಮಾಡಿಸ್ಕೋ ಮಗಾ, ಸರಿಹೋಗತ್ತೆ’ ಎನ್ನುವುದು ಒಂದು ಪಕ್ಷ. ‘ಸುಮ್ನೆ ಫಿಸಿಯೋ ಹತ್ರ ಹೋಗು’ ಎನ್ನುವುದು ಇನ್ನೊಂದು. ಎರಡೂ ಒಂದೇ ಅಲ್ವಾ ಎನ್ನುವವರೂ ಇದ್ದಾರೆ.

ಹಾಗೆ ಅನ್ನಿಸುವುದಕ್ಕೂ ಕಾರಣವಿದೆ. 1894ರಲ್ಲಿ ಇಂಗ್ಲೆಂಡಿನ ನಾಲ್ವರು ನರ್ಸ್‌ಗಳು ಸೇರಿ ತರಬೇತಿ ಪಡೆದ ಮಸಾಜ್‌ಗಾರ್ತಿಯರ ಸಂಘವೊಂದನ್ನು ಕಟ್ಟಿದರು. ಅದೇ ಸಂಘ ಬೆಳೆದು ಇಂದು ಬ್ರಿಟನ್ನಿನ ಫಿಸಿಯೋಥೆರಪಿಸ್ಟ್‌ಗಳ ಸಂಸ್ಥೆಯಾಗಿದೆ. ಅಂದರೆ ಇಬ್ಬರೂ ಒಂದೇ ಮನೆಯವರು. ಆದರೆ ಈಗ ಮಾಡುವ ಕೆಲಸ ಬೇರೆ ಬೇರೆ.

ಮಸಾಜ್‌ನ ಕೆಲಸ ಬಿಗಿದುಕೊಂಡ ಸ್ನಾಯುವನ್ನು ಸಡಿಲಗೊಳಿಸುವುದು. ಊರಿಗೆ ಹೋದಾಗ ಅಜ್ಜಿ ಹರಳೆಣ್ಣೆ ಬೆಚ್ಚಗೆ ಮಾಡಿ ಕತ್ತಿಗೆ ತಿಕ್ಕಿದರೆ ಆ ರಾತ್ರಿ ನನಗೆ ಸೊಗಸಾದ ನಿದ್ದೆ. ಅದನ್ನು ಸುಳ್ಳೆನ್ನಲಾರೆ. ಆದರೆ ಹಾಸ್ಟೆಲ್‌ಗೆ ಮರಳಿದ ಮೂರನೇ ದಿನಕ್ಕೆ ನೋವು ಅದೇ ಜಾಗದಲ್ಲಿ ಹಾಜರ್!

ಕೊನೆಗೆ ಫಿಸಿಯೋಥೆರಪಿಸ್ಟ್ ಬಳಿ ಹೋದೆ. ಅವರು ಕತ್ತು ಮುಟ್ಟುವ ಮೊದಲು ಕೇಳಿದ್ದು ಪ್ರಶ್ನೆಗಳನ್ನು. ‘ಲ್ಯಾಪ್‌ಟಾಪ್ ಎಲ್ಲಿಟ್ಕೊಂಡು ಓದ್ತೀಯಪ್ಪಾ?’ ‘ಮಂಚದ ಮೇಲೆ ಮೇಡಂ, ಮೂವರಿಗೆ ಒಂದೇ ಟೇಬಲ್.’ ‘ದಿನಕ್ಕೆ ಎಷ್ಟು ಗಂಟೆ?’ ಆಮೇಲೆ ಕತ್ತು ಎಷ್ಟು ತಿರುಗುತ್ತದೆ, ಕೈಯಲ್ಲಿ ಜೋಮು ಇದೆಯಾ, ಹಿಡಿತದ ಬಲ ಎಷ್ಟು ಎಂದು ನೋಡಿದರು.

ಅವರು ವಿವರಿಸಿದ್ದು ನಮ್ಮ ಮೊದಲ ವರ್ಷದ ಮೆಕ್ಯಾನಿಕ್ಸ್ ಪಾಠವನ್ನೇ. ತಲೆಯ ತೂಕ ಹೆಚ್ಚುಕಡಿಮೆ 5 ಕೆ.ಜಿ. ನೆಟ್ಟಗಿದ್ದರೆ ಆ ಭಾರ ಬೆನ್ನುಮೂಳೆಯ ಮೇಲೆ ಕೂರುತ್ತದೆ. ತಲೆ ಮುಂದಕ್ಕೆ ಬಾಗಿದಷ್ಟೂ ಮೊಮೆಂಟ್ ಹೆಚ್ಚುತ್ತದೆ, ಅದನ್ನು ಹಿಂದಿನಿಂದ ಜಗ್ಗಿ ಹಿಡಿಯಬೇಕಾದ್ದು ಕತ್ತಿನ ಸ್ನಾಯು. ಅದನ್ನು ಎಷ್ಟು ತಿಕ್ಕಿದರೂ ಭಾರ ಇಳಿಯುವುದಿಲ್ಲವಲ್ಲ? ಗದ್ದವನ್ನು ಹಿಂದಕ್ಕೆಳೆದು ಐದು ಎಣಿಸುವುದು, ಭುಜಗಳನ್ನು ಹಿಂದಕ್ಕೆ ತಂದು ಹಿಡಿಯುವುದು, ಅರ್ಧ ಗಂಟೆಗೊಮ್ಮೆ ಏಳುವುದು ಇಷ್ಟೇ ಅವರು ಕೊಟ್ಟ ಹೋಂವರ್ಕ್. ಟ್ರಂಕಿನ ಮೇಲೆ ಗ್ರೇವಾಲ್ ಗಣಿತದ ಪುಸ್ತಕವಿಟ್ಟು ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟೆ, ಹಳೆಯ ಕೀಬೋರ್ಡೊಂದನ್ನು ಜೋಡಿಸಿದೆ. ಆ ಪುಸ್ತಕ ನನಗೆ ಅಷ್ಟು ಉಪಯೋಗಕ್ಕೆ ಬಂದದ್ದು ಅದೇ ಮೊದಲು! ಮೂರ್ನಾಲ್ಕು ವಾರದಲ್ಲಿ ನೋವು ಹಿಡಿತಕ್ಕೆ ಬಂತು.

ಹಾಗಂತ ಮಸಾಜ್ ದಂಡ ಎಂದಲ್ಲ. ದೀರ್ಘಕಾಲದ ಸೊಂಟನೋವಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ವ್ಯಾಯಾಮ, ನೋವಿನ ಬಗ್ಗೆ ತಿಳಿವಳಿಕೆ ಇವುಗಳ ಜೊತೆ ಮಸಾಜ್‌ಗೂ ಜಾಗವಿದೆ. ನಾವು ಮೊದಲು ಓಡಿಹೋಗಿ ಕೊಳ್ಳುವ ಸೊಂಟದ ಬೆಲ್ಟ್ ಮಾತ್ರ ಬೇಡವೆನ್ನುವ ಪಟ್ಟಿಯಲ್ಲಿದೆ.

ಹಾಗಾದರೆ ಆಯ್ಕೆ ಹೇಗೆ? ಕ್ರಿಕೆಟ್ ಟೂರ್ನಿ ಮುಗಿದ ಮೇಲಿನ ಮೈಕೈ ನೋವು, ಪರೀಕ್ಷೆಯ ಒತ್ತಡಕ್ಕೆ ಬಿಗಿದ ಭುಜ – ಇವಕ್ಕೆ ಮಸಾಜ್ ಸಾಕು. ನೋವು ಎರಡು ವಾರ ದಾಟಿದರೆ, ಪದೇಪದೇ ಅದೇ ಜಾಗಕ್ಕೆ ಬಂದರೆ, ಪ್ಲಾಸ್ಟರ್ ಬಿಚ್ಚಿದ ಮೇಲೆ ಕೀಲು ಬಗ್ಗದಿದ್ದರೆ ಫಿಸಿಯೋ ಬೇಕು. ಬಿದ್ದು ಪೆಟ್ಟಾಗಿದ್ದರೆ, ಜ್ವರ ಜೊತೆಗಿದ್ದರೆ, ಕೈಕಾಲು ಮರಗಟ್ಟಿ ಬಲ ಕುಂದಿದ್ದರೆ, ಮೂತ್ರದ ಹಿಡಿತ ತಪ್ಪಿದರೆ ಎರಡೂ ಬೇಡ, ತಡಮಾಡದೆ ವೈದ್ಯರ ಬಳಿ ಹೋಗಬೇಕು. ಆಗಷ್ಟೇ ಉಳುಕಿ ಊದಿದ ಜಾಗವನ್ನು, ಕೆಂಪಾಗಿ ಬಿಸಿಯಾಗಿ ಊದಿದ ಮೀನಖಂಡವನ್ನು ಯಾರಿಂದಲೂ ತಿಕ್ಕಿಸಿಕೊಳ್ಳಬಾರದು.

ದುಡ್ಡಿನ ಚಿಂತೆಯೇ? ಮೆಡಿಕಲ್ ಕಾಲೇಜುಗಳ ಆಸ್ಪತ್ರೆಗಳಲ್ಲಿ, ಬಹಳಷ್ಟು ಜಿಲ್ಲಾಸ್ಪತ್ರೆಗಳಲ್ಲಿ ಫಿಸಿಯೋಥೆರಪಿ ವಿಭಾಗವಿದೆ. ಎಲ್ಲಿಗೆ ಹೋದರೂ ಬಿಪಿಟಿ ಪದವಿ ಇದೆಯಾ ಎಂದು ವಿಚಾರಿಸಿ, ಸಂಕೋಚ ಬೇಡ. ಅದು ನಾಲ್ಕು ವರ್ಷಕ್ಕೂ ಮಿಕ್ಕಿದ ಓದು.

ಒಂದು ಕಷ್ಟವಿದೆ. ಮಸಾಜ್‌ನಲ್ಲಿ ನಾವು ಕಣ್ಣು ಮುಚ್ಚಿ ಮಲಗಿದರಾಯಿತು, ಫಿಸಿಯೋದಲ್ಲಿ ದಿನಾ ನಾವೇ ಮೈ ಬಗ್ಗಿಸಬೇಕು. ನೋವು ಕಡಿಮೆಯಾದ ದಿನವೇ ವ್ಯಾಯಾಮ ಬಿಡುವವರು ಬಹಳ. ಆದರೆ ಡಿಗ್ರಿ ಮುಗಿದು ಕೆಲಸ ಸಿಕ್ಕಿದ ಮೇಲೆ ನಮ್ಮಲ್ಲಿ ಹೆಚ್ಚಿನವರು ಮೂವತ್ತು ವರ್ಷ ಕುರ್ಚಿಯ ಮೇಲೆಯೇ ಕೂರುವವರು. ಅಷ್ಟೂ ವರ್ಷ ಇದೇ ಕತ್ತು, ಇದೇ ಸೊಂಟ ಬಾಳಿಕೆ ಬರಬೇಕು. ದಿನಕ್ಕೆ ಹತ್ತು ನಿಮಿಷ ಅದಕ್ಕೆ ಕೊಟ್ಟರೆ ಗಂಟೇನೂ ಹೋಗುವುದಿಲ್ಲ.