ನಿಮಗಿದು ಗೊತ್ತೆ? ಕ್ಲೌಡಿನೊಳಗೆ ಬರಲು ಸುಂಕವಿಲ್ಲ, ಹೊರಹೋಗಲು ಉಂಟು!

ವಾಣಿಜ್ಯಸಂಸ್ಥೆಗಳು ತಮ್ಮ ದತ್ತಾಂಶವನ್ನು ಸ್ವಂತ ಯಂತ್ರಗಳಲ್ಲಿರಿಸದೆ ಬಾಡಿಗೆಯ ಕ್ಲೌಡ್ ವ್ಯವಸ್ಥೆಗೆ ಒಪ್ಪಿಸುವ ಪದ್ಧತಿಯು 2006ರಲ್ಲಿ ಅಮೆಜಾನ್ ಆರಂಭಿಸಿದ ಎಸ್3 ಮತ್ತು ಇಸಿ2 ಸೇವೆಗಳಿಂದ ಪ್ರಾಬಲ್ಯಕ್ಕೆ ಬಂದು, ಅನಂತರ ಮೈಕ್ರೋಸಾಫ್ಟ್ ಮತ್ತು ಗೂಗಲ್ ಸಂಸ್ಥೆಗಳ ಪ್ರವೇಶದಿಂದ ತೀವ್ರ ಸ್ಪರ್ಧೆಯ ಕ್ಷೇತ್ರವಾಗಿ ಪರಿಣಮಿಸಿತು.

ಈ ಮೂವರೂ ಅಂತರ್ಜಾಲದಿಂದ ಒಳಬರುವ ದತ್ತಾಂಶಕ್ಕೆ ಸಾಮಾನ್ಯವಾಗಿ ಶುಲ್ಕ ವಿಧಿಸರು. ಆದರೆ ನಿಯತ ಪ್ರಮಾಣವನ್ನು ಮೀರಿ ಹೊರಹೋಗುವ ದತ್ತಾಂಶಕ್ಕೆ ಗಿಗಾಬೈಟಿನ ಲೆಕ್ಕದಲ್ಲಿ ಹಣ ತೆರಬೇಕಾಗುವುದರಿಂದ, ಯಂತ್ರದ ಬಾಡಿಗೆಯೊಂದನ್ನೇ ತುಲನೆಮಾಡುವವನ ಗಣನೆಯು ತಪ್ಪುವುದು ಸಹಜ. ಸೇವೆಯನ್ನು ಸಂಪೂರ್ಣವಾಗಿ ತ್ಯಜಿಸಿ ಹೋಗುವ ಗ್ರಾಹಕರಿಗೆ ಮಾತ್ರ, ಕೆಲವು ನಿಬಂಧನೆಗಳೊಡನೆ, ಮೂವರೂ 2024ರಲ್ಲಿ ಈ ನಿರ್ಗಮನಶುಲ್ಕವನ್ನು ಮನ್ನಾ ಮಾಡಿದರು.

ದರದಂತೆಯೇ ಸೇವೆಯ ಲಭ್ಯತೆಯ ಬಗ್ಗೆ ಈ ಸಂಸ್ಥೆಗಳು ಕೊಡುವ ವಚನವೂ ಗಮನಾರ್ಹ: ಶೇಕಡಾ 99.9 ಲಭ್ಯತೆಯ ವಚನವು ಮೂವತ್ತು ದಿನಗಳ ತಿಂಗಳಲ್ಲಿ ಸುಮಾರು 43 ನಿಮಿಷಗಳ ಸ್ಥಗಿತಕ್ಕೆ ಎಡೆಗೊಡುವುದಾದರೆ, 99.99ರ ವಚನವು ನಾಲ್ಕು ನಿಮಿಷಗಳಿಗಿಂತ ತುಸು ಹೆಚ್ಚಿನ ಅವಕಾಶವನ್ನಷ್ಟೇ ಕೊಡುತ್ತದೆ. ವಚನಭಂಗವಾದಾಗ ದೊರೆಯುವ ಪರಿಹಾರವಾದರೋ ಸಾಮಾನ್ಯವಾಗಿ ಮುಂದಿನ ಬಿಲ್ಲಿನಲ್ಲಿನ ರಿಯಾಯಿತಿಯೇ ಹೊರತು ವ್ಯಾಪಾರನಷ್ಟದ ಭರ್ತಿಯಲ್ಲ.

ಇನ್ನು ದತ್ತಾಂಶವಿರುವ ಸ್ಥಳದ ಮಾತಾದರೆ, ಮೈಕ್ರೋಸಾಫ್ಟ್ 2015ರಲ್ಲಿ, ಅಮೆಜಾನ್ 2016ರಲ್ಲಿ, ಗೂಗಲ್ 2017ರಲ್ಲಿ ಭಾರತದಲ್ಲಿಯೇ ಕ್ಲೌಡ್ ಕೇಂದ್ರಗಳನ್ನು ತೆರೆದಿರುವುದರಿಂದ, ದತ್ತಾಂಶವು ದೇಶದೊಳಗೇ ಉಳಿಯಬೇಕೆನ್ನುವವರಿಗೆ ಮೂವರಲ್ಲಿಯೂ ಅವಕಾಶವುಂಟು. ಆದರೆ ಮೂವರಲ್ಲಿ ಯಾರನ್ನು ಆರಿಸಿದರೂ, ಒಪ್ಪಂದಕ್ಕೆ ಸಹಿಹಾಕುವ ಮುನ್ನ ಯಂತ್ರದ ಬಾಡಿಗೆಯನ್ನಲ್ಲದೆ ನಿರ್ಗಮನದ ದರವನ್ನೂ ಅವಶ್ಯವಾಗಿ ಪರಿಶೀಲಿಸತಕ್ಕದ್ದು.