ಅಂತರಜಾಲಕ್ಕೆ ಹಾಕಿದ ಕನ್ನಡ ಅರ್ಥವಿಲ್ಲದ ಅಕ್ಷರಗಳಾಗುವುದೇಕೆ?

ಮೈಸೂರಿನ ಯಾವುದೋ ಡಿಟಿಪಿ ಅಂಗಡಿಯಲ್ಲಿ ಹಿಂದೆಂದೋ ಟೈಪ್ ಮಾಡಿಸಿಟ್ಟ ಅಜ್ಜಿಯ ಅಡುಗೆ ಬರಹ ಮನೆಯಲ್ಲಿದೆ ಎನ್ನೋಣ. ಹೊಸದಾಗಿ ಅಂತರಜಾಲದಲ್ಲಿ ಬರೆಯಲು ಹೊರಟಾಗ ಅದನ್ನೇ ನಕಲಿಸಿ ಹಾಕುತ್ತೇವೆ. ತೆರೆಯ ಮೇಲೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ! ಕಡತ ಕೆಟ್ಟಿದೆ ಎಂದು ಅಳಿಸಿಬಿಡುತ್ತೇವೆ. ನಿಜಕ್ಕೂ ಅದು ಕೆಟ್ಟಿರುವುದಿಲ್ಲ.

ಕಂಪ್ಯೂಟರ್ ಅಕ್ಷರಗಳನ್ನು ಸಂಖ್ಯೆಗಳಾಗಿ ನೆನಪಿಡುತ್ತದೆ. ನುಡಿ, ಬರಹ ಮುಂತಾದವುಗಳ ಹಳೆಯ ಫಾಂಟ್‌ಗಳು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಖ್ಯೆಗಳಿಗೇ ಕನ್ನಡದ ರೂಪ ತೊಡಿಸಿದ್ದವು. ಆ ಫಾಂಟ್ ಇಲ್ಲದ ಕಡೆ ವೇಷ ಕಳಚುತ್ತದೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ತನ್ನದೇ ಸಂಖ್ಯೆಗಳಿವೆ. ‘ಮ’ ಎಂದರೆ ಎಲ್ಲೆಡೆಯೂ 3246. ‘ಮೈಸೂರು’ ಎಂದು ಹುಡುಕಿದವರಿಗೆ ನಮ್ಮ ಬರಹ ಸಿಗುವುದೂ ಇದರಿಂದಲೇ.

ಹಾಗಾಗಿ ಹೊಸದನ್ನು ಯೂನಿಕೋಡ್‌ನಲ್ಲೇ ಬರೆಯೋಣ. ಹಳೆಯದನ್ನು ಪರಿವರ್ತಕ ತಂತ್ರಾಂಶದಿಂದ ಬದಲಾಯಿಸಿ, ಒಮ್ಮೆ ಕಣ್ಣಾರೆ ಓದೋಣ. ಹಳೆಯ ಫಾಂಟ್‌ಗಳಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ಮೊದಲೇ ಬರುತ್ತದೆ. ‘ಕರ್ನಾಟಕ’ದಂಥ ಪದಗಳಲ್ಲಿ ತಪ್ಪು ನುಸುಳುವುದು ಇಲ್ಲಿಯೇ. ಮೂಲ ಕಡತವನ್ನು ಮಾತ್ರ ಅಳಿಸಬೇಡಿ. ಅಜ್ಜಿಯ ಸಾರಿನಪುಡಿಯ ಅಳತೆ ಉಳಿದಿರುವುದು ಅದೊಂದರಲ್ಲೇ ಇರಬಹುದು.